ಉಕ್ಕಡಬೆಟ್ಟದ ಎದುರು ಸಾಲು

ಗುಂಪು ನಡೆಯುವಾಗ ಎಲ್ಲರಿಗಿಂತ ಹಿಂದೆ ಬರುವುದು ನನ್ನ ಕೆಲಸ. ಮುಂದೆ ಅನುಪಮಾ ಇರುತ್ತಾಳೆ. ದಾರಿ ತೋರಿಸುವುದು, ಹಳೆಯ ಕಾಲದ ಕಥೆ ಹೇಳುವುದು, ಇಂಗ್ಲಿಷಿನಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲೇ ಉತ್ತರ ಕೊಡುವುದು ಎಲ್ಲ ಅವಳದು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವುದು ಮಾತ್ರ ನನ್ನದು. ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವನು, ವಯಸ್ಸು ಎಪ್ಪತ್ತಮೂರು. ನನಗೆ ಅದೇ ಸರಿ. ಕೊಡ್ಲಿಪೇಟೆ ಸುತ್ತಿನ ಎಸ್ಟೇಟುಗಳಲ್ಲಿ ನಲವತ್ತು ವರ್ಷ ಕಾಫಿ ಕುಯ್ದವನು ನಾನು, ಕೊನೆಕೊನೆಗೆ ಮೇಸ್ತ್ರಿಯಾಗಿದ್ದೆ. ಅನುಪಮಾಳ ತಾಯಿ ಚೋಮಿ ನನ್ನ ಗ್ಯಾಂಗಿನಲ್ಲಿದ್ದಳು. ಆ ಗುರುತಿನಿಂದ ಈ ಹುಡುಗಿ ನನ್ನನ್ನು ಕರೆದುಕೊಂಡಳು.

ಈ ನಡಿಗೆಗೆ ಬರುವವರೆಲ್ಲ ಒಬ್ಬೊಬ್ಬರೇ ಬರುತ್ತಾರೆ. ಒಂಟಿಯಾಗಿ ಊರು ನೋಡುವವರಿಗೆಂದೇ ಮಾಡಿದ್ದು. ಮೊದಲ ದಿನ ಮಡಿಕೇರಿ ಕೋಟೆ, ಎರಡನೇ ದಿನ ತೋಟಗಳ ನಡುವೆ ನಡೆದು ನಾಲ್ಕುನಾಡು ಅರಮನೆ, ಮೂರನೇ ದಿನ ನಮ್ಮ ಕಡೆಯ ಉಕ್ಕಡಬೆಟ್ಟ. ಕಳೆದ ನವೆಂಬರಿನಲ್ಲಿ ಏಳು ಜನ ಬಂದಿದ್ದರು. ಏಳು ಜನವೂ ಏಳು ಕಡೆ ನೋಡಿಕೊಂಡು ನಡೆಯುತ್ತಿದ್ದರು. ಊಟಕ್ಕೆ ಕೂತರೂ ನಡುವೆ ಒಂದೊಂದು ಚೀಲ ಇಟ್ಟುಕೊಂಡು ಕೂರುತ್ತಿದ್ದರು.

ಅವರಲ್ಲಿ ಚನ್ನಬಸಮ್ಮ ಅಂತ ಗದಗದ ಕಡೆಯವರು. ಅರವತ್ತಾರು ವರ್ಷ. ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಪಾಠ ಮಾಡಿದವರು. ಎರಡು ವರ್ಷದ ಹಿಂದೆ ಎಡಗಾಲಿನ ಮಂಡಿಗೆ ಆಪರೇಷನ್ ಆಗಿತ್ತು. ಕಾಲು ಗಟ್ಟಿಯಾಗಿತ್ತು, ಆದರೆ ಪೂರ್ತಿ ಮಡಚುತ್ತಿರಲಿಲ್ಲ. ಎರಡನೇ ದಿನ ಅರ್ಧ ದಾರಿಗೇ ಹಿಂದೆ ಬಿದ್ದರು. ಜೀಪಿನ ರಾಜು ಬಂದು ಹತ್ತಿಸಿಕೊಂಡು ಹೋದ. ನಾವು ಬೆವರು ಸುರಿಸಿಕೊಂಡು ಅರಮನೆ ಮುಟ್ಟುವಾಗ ಆ ಅಮ್ಮ ಮೆಟ್ಟಿಲ ಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಎಲ್ಲಾರೂ ನಡಕೊಂಡ ಬಂದ್ರಿ. ನಾ ಒಬ್ಬಾಕಿ ಮೂಟಿ ಬಂದಂಗ ಬಂದೆ," ಎಂದರು ನನಗೆ. "ಯಜಮಾನ್ರ, ಕರಿಹಲಗಿ ಮ್ಯಾಲ ಎಷ್ಟ ಕೋಟಿ ಬರದೇನಿ ಗೊತ್ತೇನು? ಬುರುಜು, ಕಂದಕ, ಬಾಗಿಲಾ. ಎಲ್ಲಾ ಸುಣ್ಣದ ಕಡ್ಡೀಲೆ. ನಾಳೆ ಒಂದರ ನನ್ನ ಕಾಲೀಲೆ ಹೋಗಿ ಮುಟ್ಟಬೇಕ್ರಿ. ಅದಕ್ಕ ಬಂದಾಕಿ ನಾನು."

ನಾನು ಹೂಂ ಅಂದೆ.

ಮೂರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಬೆಟ್ಟದ ಬುಡ ಬಿಟ್ಟೆವು. ಉಕ್ಕಡ ಎಂದರೆ ಹಿಂದಿನವರು ಗಡಿಯಲ್ಲಿ ಕಾವಲು ಕೂರುತ್ತಿದ್ದ ಜಾಗ. ಅಲ್ಲಿ ಈಗ ಎರಡು ದೊಡ್ಡ ಕಲ್ಲುಕಂಬಗಳ ಬಾಗಿಲೊಂದು ಉಳಿದಿದೆ. ಬುಡದಿಂದ ಅಲ್ಲಿಯವರೆಗೆ ಕಡಂಗ ಹೋಗುತ್ತದೆ. ವೈರಿಗಳು ನುಗ್ಗದಂತೆ ಆ ಕಾಲದವರು ತೋಡಿದ ಎರಡಾಳು ಆಳದ ಅಗಳು ಅದು. ಅದರೊಳಗೇ ನಮ್ಮ ದಾರಿ. ಅರಣ್ಯದವರು ಮಧ್ಯಾಹ್ನ ಹನ್ನೆರಡೂವರೆಯವರೆಗೆ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಆಮೇಲೆ ಆನೆ ತಿರುಗುವ ಹೊತ್ತು. ಹನ್ನೆರಡೂವರೆಗೆ ಎಲ್ಲಿದ್ದರೆ ಅಲ್ಲಿಂದಲೇ ಇಳಿಯಬೇಕು.

ಹೊರಡುವಾಗ ಮೈಸೂರಿನ ದೀಪಕ್ ಅನ್ನುವವನು ಚನ್ನಬಸಮ್ಮನವರ ಹತ್ತಿರ ಬಂದ. ಔಷಧಿ ಅಂಗಡಿ ಇಟ್ಟವನು, ಗುಂಪಿನಲ್ಲೆಲ್ಲ ಜೋರು ನಡಿಗೆ ಅವನದೇ. ಕೈಯಲ್ಲಿ ಹೆಜ್ಜೆ ಎಣಿಸುವ ವಾಚು.

"ಆಂಟಿ, ಆ ಕಡೆಯಿಂದ ಬಾಗಿಲ ಹತ್ರಕ್ಕೇ ಜೀಪು ಹೋಗುತ್ತಂತೆ. ನೀವು ಅದರಲ್ಲಿ ಬಂದ್ಬಿಡಿ. ಹತ್ತೋ ದಾರಿ ಫೋಟೋ ನಾನು ಕಳಿಸ್ತೀನಿ."

"ಫೋಟೋ ನೋಡೂದಕ್ಕ ಮನ್ಯಾಗ ಕುಂತಿದ್ರ ಸಾಕಿತ್ತಲ್ಲೋ ತಮ್ಮಾ."

ಅವನು ನಕ್ಕು ಮುಂದೆ ಹೋದ. ಹತ್ತು ನಿಮಿಷದಲ್ಲಿ ಅನುಪಮಾಳೂ ಉಳಿದ ಆರು ಜನವೂ ಕಣ್ಣಿಗೆ ಕಾಣದಾದರು.

ನಾವಿಬ್ಬರೇ ಉಳಿದೆವು. ಚನ್ನಬಸಮ್ಮ ಇಪ್ಪತ್ತು ಹೆಜ್ಜೆ ಇಡುವರು, ನಿಲ್ಲುವರು. ಅವರು ನಿಂತಾಗ ನಾನೂ ನಿಲ್ಲುವೆ. ಬೇಗ ಬನ್ನಿ ಎಂದು ಯಾರಿಗೂ ಹೇಳಿದವನಲ್ಲ ನಾನು, ಮೇಸ್ತ್ರಿಯಾಗಿದ್ದಾಗಲೂ ಹೇಳಲಿಲ್ಲ. ಅದಕ್ಕೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಹತ್ತಿರ ಬೈಸಿಕೊಂಡಿದ್ದೂ ಉಂಟು. ಹೀಗೆ ಎರಡೂವರೆ ಗಂಟೆ ಹತ್ತಿದೆವು. ಬಾಗಿಲ ಕಲ್ಲು ಮೇಲೆ ಕಂಡಿತು. ಕಲ್ಲಿಗೂ ನಮಗೂ ನಡುವೆ ಒಂದು ಕುಸಿತ.

ಆ ವರ್ಷದ ಮಳೆಗೆ ಕಡಂಗದ ಒಂದು ಪಕ್ಕ ಜಾರಿ ಒಳಗೆ ಬಿದ್ದಿತ್ತು. ಮೂರಾಳೆತ್ತರದ ಕೆಂಪು ಜೇಡಿ ಗುಡ್ಡೆ, ಇನ್ನೂ ಹಸಿ. ಮೊದಲು ಹೋದವರು ಕೈಕಾಲು ಊರಿ ಮಂಗಗಳ ಹಾಗೆ ಹತ್ತಿದ ಗುರುತಿತ್ತು. ಚನ್ನಬಸಮ್ಮ ಎಡಗಾಲು ಎತ್ತಿದರು. ಮಂಡಿ ಮಡಚಲಿಲ್ಲ. ಬಲಗಾಲು ಇಟ್ಟರು, ಜಾರಿತು. ಮೂರು ಸಲ ನೋಡಿ ಕೂತುಬಿಟ್ಟರು.

ನನ್ನ ಫೋನು ಬಡಿದುಕೊಂಡಿತು. ಮೇಲಿಂದ ಅನುಪಮಾ.

"ತಾತ, ಗಂಟೆ ಹನ್ನೊಂದೂ ಮುಕ್ಕಾಲಾಯ್ತು. ಅಮ್ಮನ್ನ ಕೆಳಗಡೆ ಕವಲಿಗೆ ಕರ್ಕೊಂಡ್ ಹೋಗಿ. ರಾಜು ಈಗ್ಲೇ ಬಂದ್ರೆ ಸುತ್ತಿ ಇಲ್ಲಿಗೆ ತರ್ತಾನೆ, ಬಾಗಿಲಾದ್ರೂ ನೋಡ್ಬೋದು. ಅಲ್ಲೇ ಹತ್ತೋಕೆ ನೋಡಿ ಹೊತ್ತಾದ್ರೆ ಅದೂ ಇಲ್ಲ, ಇದೂ ಇಲ್ಲ."

ಫೋನು ಜೋರಾಗಿ ಕೂಗುವಂಥದು. ಆ ಅಮ್ಮನಿಗೂ ಕೇಳಿಸಿತು. ಗುಡ್ಡೆಯನ್ನು ಬುಡದಿಂದ ತುದಿಯವರೆಗೆ ನೋಡಿದರು.

"ಜೀಪ್ ಬ್ಯಾಡ್ರಿ," ಎಂದರು. "ನೋಡದs ಹೋದ್ರೂ ಹೋಗ್ಲಿ. ಗೇಣು ಗೇಣು ಎತ್ತರಕ್ಕ ಪಾವಟಗಿ ಇದ್ರ ಹತ್ತತೇನ್ರಿ ನಾನು. ಅಷ್ಟs ಬೇಕು ಈ ಕಾಲಿಗೆ."

ಸೊಂಟದಲ್ಲಿ ಕಾಡು ಸವರುವ ಕತ್ತಿ ಇತ್ತು. ನಾನು ಜೇಡಿಯಲ್ಲಿ ಮೆಟ್ಟಿಲು ಕಡಿಯಲು ಶುರು ಮಾಡಿದೆ. ನಾಲ್ಕು ಮೆಟ್ಟಿಲಾಗುವಾಗ ಲೆಕ್ಕ ತಿಳಿಯಿತು. ಒಬ್ಬನೇ ಕಡಿದರೆ ತುದಿ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ ದಾಟುತ್ತದೆ.

ಕಾಫಿ ಕುಯ್ಯುವಾಗ ನಮ್ಮಲ್ಲಿ ಒಂದು ಕ್ರಮವಿತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು ಗಿಡ. ತನ್ನ ಸಾಲು ಮುಗಿಸಿದವರು ಹಿಂದೆ ಬಿದ್ದವರ ಸಾಲನ್ನು ಆ ತುದಿಯಿಂದ ಹಿಡಿಯಬೇಕು. ಇವರು ಈ ಕಡೆಯಿಂದ, ಅವರು ಆ ಕಡೆಯಿಂದ, ನಡುವೆ ಎಲ್ಲೋ ಬುಟ್ಟಿಗೆ ಬುಟ್ಟಿ ತಾಗುತ್ತಿತ್ತು. ಯಾರು ಯಾರನ್ನೂ ಎಳೆಯುವುದಿಲ್ಲ, ಬೈಯುವುದಿಲ್ಲ. ಸಾಲು ಕಮ್ಮಿಯಾಗುತ್ತದೆ, ಅಷ್ಟೇ. ಬಸುರಿ ಹೆಂಗಸರು, ಜ್ವರ ಬಂದವರು, ಎಲ್ಲರೂ ಹಾಗೆಯೇ ದಿನ ಮುಗಿಸಿದ್ದಾರೆ. ಅದಕ್ಕೆ ಒಂದು ಕೂಗಿತ್ತು. ನಾನು ಕೂಗದೆ ಹದಿನೈದು ವರ್ಷವಾಗಿತ್ತು.

ಬಾಯಿಗೆ ಎರಡು ಕೈ ಅಡ್ಡ ಹಿಡಿದು ಕೂಗಿದೆ.

"ಎದುರು ಸಾಲು ಹಿಡೀರೋ! ಹೋಓಓ!"

ಬೆಟ್ಟ ಒಂದು ಸಲ ತಿರುಗಿ ಹೇಳಿತು. ಚೋಮಿಯ ಮಗಳಿಗೆ ಇದು ನೆನಪಿರುತ್ತದೋ ಇಲ್ಲವೋ ಎಂದು ಮೇಲೆ ನೋಡಿದೆ. ಕೂಲಿಯವರ ಲೈನ್ ಮನೆಯ ಬಾಗಿಲಲ್ಲಿ ಆಡಿಕೊಂಡಿದ್ದ ಮಗು ಆಗ ಅವಳು.

"ಹಿಡಿದ್ವೋ! ಹೋಓಓ!" ಅಂತ ಬಂತು ಮೇಲಿಂದ. ಚೋಮಿಯದೇ ಗಂಟಲು.

ಗುಡ್ಡೆಯ ತುದಿಯಲ್ಲಿ ಒಂದು ತಲೆ ಕಂಡಿತು, ಮತ್ತೊಂದು, ಆಮೇಲೆ ಏಳೂ ತಲೆ. ಅನುಪಮಾ ಬಗ್ಗಿ ನನ್ನ ನಾಲ್ಕು ಮೆಟ್ಟಿಲು ನೋಡಿದಳು. ಹೇಳಿಕೊಡುವುದೇನೂ ಬೇಕಾಗಲಿಲ್ಲ. ನಡಿಗೆಗೆ ತಂದಿದ್ದ ಊರುಗೋಲುಗಳ ಕಬ್ಬಿಣದ ಮೊನೆಯಿಂದ ಎಲ್ಲರ ಕೈಲೂ ಜೇಡಿ ಕೆತ್ತಿಸಲು ಶುರು ಮಾಡಿದಳು. ಒಬ್ಬರು ಕೆತ್ತಿದರೆ ಒಬ್ಬರು ಮಣ್ಣು ಎಳೆಯುವರು, ಇನ್ನೊಬ್ಬರು ತುಳಿದು ಗಟ್ಟಿ ಮಾಡುವರು. ಊಟದ ತಟ್ಟೆ ಹಿಡಿದು ಅಗೆದವರೂ ಉಂಟು.

ದೀಪಕ್ ಮೂರು ಮೆಟ್ಟಿಲು ಕೆಳಗಿಳಿದು ಕೂಗಿದ, "ತಾತ, ಈ ಕೆಲಸಕ್ಕೆ ಪಿ.ಎಫ್. ಇದ್ಯಾ?"

"ಮೊದ್ಲು ಗೇಣು ಅಂದ್ರೆ ಎಷ್ಟು ಅಂತ ಕಲ್ತ್ಕೊಳಪ್ಪ," ಎಂದೆ. "ನೀನು ಕೆತ್ತಿರೋದು ಆನೆ ಹತ್ತೋ ಮೆಟ್ಲು."

ಎಲ್ಲರೂ ನಕ್ಕರು. ಮೂರು ದಿನದಲ್ಲಿ ಅವರೆಲ್ಲ ಒಟ್ಟಿಗೆ ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಚನ್ನಬಸಮ್ಮ ಸುಮ್ಮನೆ ಕೂರಲಿಲ್ಲ. ನಾನು ಕಡಿದ ಮೆಟ್ಟಿಲಿಗೆ ಒಣ ಎಲೆ ಹಾಸಿ, ಕಾಲಿಟ್ಟು ನೋಡಿ, ಗಟ್ಟಿ ಎಂದು ಕಂಡಮೇಲೆ ಮುಂದಿನದಕ್ಕೆ ಹತ್ತುತ್ತಿದ್ದರು. ಮೇಲಿನವರ ಮೇಲೂ ಅವರ ಕಣ್ಣೇ.

"ಏಯ್ ತಮ್ಮಾ, ಗ್ವಾಡಿಗೆ ಕೋಲ ಹಚ್ಚಬ್ಯಾಡ! ಅದು ಹಳೇ ಕಾಲದ್ದು. ಕುಸದ ಮಣ್ಣಾಗಷ್ಟs ಅಗಿ!"

"ಸರಿ ಮಿಸ್," ಎಂದ ದೀಪಕ್. ಕೈ ಹಿಂದಕ್ಕೆ ತೆಗೆದ.

ನಡುವೆ ಬರುವಾಗ ಎರಡು ಸಾಲೂ ಒಂದಕ್ಕೊಂದು ಸೇರಲಿಲ್ಲ. ಒಂದು ಮಾರು ಆಚೀಚೆಯಾಗಿತ್ತು. ಚನ್ನಬಸಮ್ಮ ಸೊಂಟಕ್ಕೆ ಕೈ ಕೊಟ್ಟು ನೋಡಿದರು. "ಯಜಮಾನ್ರದು ದಕ್ಷಿಣಕ್ಕ ಹೊಂಟೈತಿ, ನಿಮ್ಮದು ಉತ್ತರಕ್ಕ. ಇಷ್ಟು ಮಂದಿ ಕೂಡಿ ಒಂದು ನೆಟ್ಟಗಿನ ಗೆರಿ ಹೊಡೀಲಿಕ್ಕೆ ಬರಂಗಿಲ್ಲೇನ್ರಿ?"

ಅಡ್ಡಕ್ಕೆ ಎರಡು ಮೆಟ್ಟಿಲು ಕಡಿದು ಕೂಡಿಸಿದೆವು. ನನ್ನ ಕತ್ತಿಗೂ ದೀಪಕನ ಕೋಲಿಗೂ ಟಣ್ ಎಂದು ತಾಗಿತು. ಅನುಪಮಾ ವಾಚು ನೋಡಿ, "ಹನ್ನೆರಡು ಹದಿಮೂರು," ಎಂದಳು.

ದೀಪಕ್ ಕೈ ನೀಡಿದ. ಚನ್ನಬಸಮ್ಮ ಅದನ್ನು ನೋಡಿ ತಲೆಯಾಡಿಸಿದರು. ಅವನು ಕೈ ಇಳಿಸಿ ಪಕ್ಕಕ್ಕೆ ಸರಿದು ನಿಂತ. ಎಲ್ಲರೂ ಸರಿದರು. ಬಲಗಾಲು ಮೇಲಿಟ್ಟು, ಎಡಗಾಲು ತಂದು ಪಕ್ಕಕ್ಕೆ ಸೇರಿಸಿ, ಮತ್ತೆ ಬಲಗಾಲು. ಗೇಣು, ಗೇಣು. ಯಾರೂ ಎಣಿಸಲಿಲ್ಲ, ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಯ ಮೆಟ್ಟಿಲಿನಿಂದ ಆ ಅಮ್ಮ ಹುಲ್ಲಿನ ಮೇಲೆ ಕಾಲಿಟ್ಟಾಗ ಎದ್ದ ಗದ್ದಲಕ್ಕೆ ಮರದ ಮೇಲಿನ ಹಾರ್ನ್‌ಬಿಲ್ ಹಕ್ಕಿ ಜೋಡಿ ಹಾರಿಹೋಯಿತು. ದೀಪಕ್ ಕೆಸರಾದ ಕೈಯಲ್ಲೇ ಕಣ್ಣು ಒರೆಸಿಕೊಂಡು ಮುಖವೆಲ್ಲ ಕೆಂಪು ಮಾಡಿಕೊಂಡ.

ಹನ್ನೆರಡು ಇಪ್ಪತ್ತು. ಇನ್ನು ಹತ್ತು ನಿಮಿಷ. ಚನ್ನಬಸಮ್ಮ ನೆಟ್ಟಗೆ ಬಾಗಿಲಿಗೆ ನಡೆದು ಬಲಗಡೆಯ ಕಂಬಕ್ಕೆ ಅಂಗೈ ಒತ್ತಿ ನಿಂತರು. ಕಣ್ಣು ಮುಚ್ಚಿಕೊಂಡಿದ್ದರು. ಆಮೇಲೆ ಕೈ ಕಂಬದ ಮೇಲೆ ಹರಿದಾಡಿತು, ಒಳಬದಿಗೆ ಹೋಯಿತು, ಒಂದು ಕಡೆ ನಿಂತಿತು. ಅಲ್ಲಿ ಪಾಚಿ ಕಟ್ಟಿದ ಒಂದು ತೂತು. ಚಿಕ್ಕಂದಿನಲ್ಲಿ ದನ ಮೇಯಿಸಲು ಬಂದಾಗ ಅದನ್ನು ಹಾವಿನ ಬಿಲವೆಂದು ಹೆದರಿ ದೂರದಿಂದ ಕಲ್ಲು ಹೊಡೆಯುತ್ತಿದ್ದೆವು. ಅನುಪಮಾ ಎಷ್ಟೋ ಗುಂಪು ಕರೆತಂದಿದ್ದಾಳೆ, ಅವಳೂ ಅದರ ಬಗ್ಗೆ ಒಂದು ಮಾತು ಹೇಳಿದ್ದಿಲ್ಲ.

ಆ ಅಮ್ಮ ಕಡ್ಡಿಯಿಂದ ಪಾಚಿ ಕೆದಕಿದರು. ಒಳಗೆ ಆಡಿಸಿ ನೋಡಿದರು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿ ಕೈ ಒಳಗೆ ಹಾಕಿದರು. ಮಣಿಕಟ್ಟು ಹೋಯಿತು, ಮೊಣಕೈ ಹೋಯಿತು, ಭುಜದವರೆಗೂ ಹೋಯಿತು.

"ಅಗಳಿ ತೂತು ಇದು!" ಎಂದು ಕೂಗಿದರು. "ಬಾಗಿಲಾ ಹಾಕಿದ ಮ್ಯಾಲ ಅಡ್ಡ ಮರ ಎಳೀತಿದ್ರಲ್ಲ, ಅದು ಇದರಾಗಿಂದ ಬರ್ತಿತ್ತು! ನೋಡ ಅನುಪಮಾ, ಆ ಕಂಬದಾಗ ಇದರ ಸಮಕ್ಕ ಸಣ್ಣ ಕುಳಿ ಇರಬೇಕು, ನೋಡ!"

ಅನುಪಮಾ ಎಡಗಡೆಯ ಕಂಬಕ್ಕೆ ಓಡಿದಳು. ಬಳ್ಳಿ ಸರಿಸಿದಳು. ಕುಳಿ ಇತ್ತು.

"ಇದೆ ಮಿಸ್! ಇದೆ!"

ಭುಜದವರೆಗೆ ಕಲ್ಲಿನೊಳಗಿದ್ದ ಕೈಯನ್ನು ತೆಗೆಯದೆ, ಆ ಅಮ್ಮ ಇನ್ನೊಂದು ಕೈಯಲ್ಲಿ ಎಲ್ಲರನ್ನೂ ಹತ್ತಿರ ಕರೆದರು. ಏಳು ನಿಮಿಷವಿತ್ತು. ಅಷ್ಟರಲ್ಲಿ ಪಾಠ ಶುರುವಾಗಿತ್ತು.