ಅಲೆ ಒಡೆಯದ ಜಾಗ

ದೋಣಿ ನಡೆಸುವವನ ಹೆಂಡತಿಗೆ ಒಂದೇ ದೂರು. ದ್ವೀಪದ ಹಿಂಬದಿಯ ಕಡಲತೀರಕ್ಕೆ ಅವನು ಕಂಡವರನ್ನೆಲ್ಲ ಕರೆದುಕೊಂಡು ಹೋಗುತ್ತಾನೆ. ಮನೆಯವರನ್ನು ಮಾತ್ರ ಒಂದು ದಿನವೂ ಕರೆದುಕೊಂಡು ಹೋಗಿಲ್ಲ.

"ಯಾರ್‍ಯಾರದೋ ಮಕ್ಕಳು ಅಲ್ಲಿ ಮರಳಲ್ಲಿ ಹೊರಳಾಡಿ ಬಂದ್ರು. ನಮ್ಮ ಪುಟ್ಟಿ ಮಾತ್ರ ಅವರ ಫೋಟೋ ನೋಡ್ಕೊಂಡು ಕೂತಿದ್ದಾಳೆ," ಎಂದು ಪಾತ್ರೆ ಉಜ್ಜುತ್ತಾ ಹೇಳುತ್ತಿದ್ದಳು.

"ರಜಾ ದಿನಾನೇ ನನಗೆ ದುಡಿಮೆ ಕಣೇ. ಅವತ್ತು ನಿಮ್ಮನ್ನ ಕೂರಿಸ್ಕೊಂಡು ಹೋದ್ರೆ ಟಿಕೆಟ್ ದುಡ್ಡು ಯಾರು ಕೊಡ್ತಾರೆ?"

"ಆ ಮಾತನ್ನ ನಿಮ್ಮ ಮಗಳಿಗೇ ಹೇಳಿ."

ಕೊನೆಗೆ ಎಂಜಿನ್ ರಿಪೇರಿಯಾಗಿ ಬಂದ ಮಾರನೆಯ ದಿನ ಶಾಲೆಗೂ ರಜೆ ಬಿತ್ತು. ಎಂಜಿನ್ ಪರೀಕ್ಷೆಯ ನೆಪದಲ್ಲಿ ಎಲ್ಲರೂ ಹೊರಟರು. ಅವನು, ಹೆಂಡತಿ, ಮಗಳು, ಜೊತೆಗೆ ಹೆಂಡತಿಯ ತಂಗಿ. ಈ ತಂಗಿ ಪೇಟೆಯ ಕಡಲತೀರದಲ್ಲಿ ಜೀವರಕ್ಷಕಿ. ಈಜುವವರ ಮೇಲೆ ಕಣ್ಣಿಡುವುದು, ಮುಳುಗುವವರನ್ನು ಎಳೆದು ತರುವುದು ಅವಳ ಕೆಲಸ.

"ರಜಾ ದಿನಾನೂ ಕಡಲೇನಾ ನಿನಗೆ?" ಎಂದು ಭಾವ ಕೆಣಕಿದ.

"ಇವತ್ತು ನಾನು ಬರೀ ನಿಮ್ಮ ನಾದಿನಿ. ಕೆಲಸ ಕೊಡಬೇಡಿ."

ದ್ವೀಪದ ಮೂಲೆ ತಿರುಗಿದೊಡನೆ ತೀರ ಕಾಣಿಸಿತು. ಹಿಂದೆ ಬಂಡೆ, ಕಾಡು. ಅಲ್ಲಿಗೆ ರಸ್ತೆಯಿಲ್ಲ. ಅಂಗಡಿಯಿಲ್ಲ, ನಲ್ಲಿಯಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಬಾಗಿದ ತೆಂಗಿನ ಮರಗಳ ಕೆಳಗೆ ಅವತ್ತು ಇನ್ನೂ ಯಾರೂ ತುಳಿಯದ ಬಿಳಿ ಮರಳು. ಹೆಂಡತಿ ದೂರು ಮರೆತಳು.

ದಡದ ಉದ್ದಕ್ಕೂ ಅಲೆಗಳು ಬೆಳ್ಳಗೆ ಒಡೆಯುತ್ತಿದ್ದವು. ನಡುವೆ ಒಂದು ಪಟ್ಟಿ ಮಾತ್ರ ಕಡು ಹಸಿರಾಗಿ, ನುಣ್ಣಗೆ, ಅಲೆಯೇ ಇಲ್ಲದೆ ಇತ್ತು. ದೋಣಿಯವನು ಸರಿಯಾಗಿ ಅದರೊಳಗೇ ದೋಣಿ ತಂದು, ಒಂದು ಹನಿಯೂ ಸಿಡಿಯದಂತೆ ದಡ ಮುಟ್ಟಿಸಿದ.

"ನೋಡಿದ್ಯಾ? ಇದು ಈ ತೀರದ ಬಾಗಿಲು. ಬಂದವರಿಗೆಲ್ಲ ಇಲ್ಲೇ ಸ್ನಾನ ಮಾಡಿ ಅಂತೀನಿ. ಅಲೆ ಇಲ್ಲ, ಮೂಗಿಗೆ ನೀರು ನುಗ್ಗಲ್ಲ. ಪುಟ್ಟಿ, ಇಳಿ."

ಪುಟ್ಟಿ ಎರಡು ಹೆಜ್ಜೆ ಇಟ್ಟಿದ್ದಳು. ಚಿಕ್ಕಮ್ಮ ಅವಳ ಜಡೆ ಹಿಡಿದು ನಿಲ್ಲಿಸಿದಳು.

"ಭಾವ, ಅಲ್ಲಿ ಅಲೆ ಯಾಕೆ ಒಡೀತಿಲ್ಲ?"

"ಆಳ ಇದೆ. ಅಷ್ಟೂ ಗೊತ್ತಿಲ್ವಾ?"

"ಆಳ ಯಾಕಾಯ್ತು?"

ದೋಣಿಯವನಿಗೆ ಆ ಪ್ರಶ್ನೆ ಎಂದೂ ಬೇಕಾಗಿರಲಿಲ್ಲ. ನಾದಿನಿಯೇ ಹೇಳಿದಳು.

"ಎರಡೂ ಕಡೆ ಅಲೆ ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗ್ಬೇಕಲ್ಲ, ಅದು ಈ ದಾರೀಲೇ ಹೋಗುತ್ತೆ. ಹೋಗಿ ಹೋಗಿ ಮರಳು ಕೊರೆದು ಕಾಲುವೆ ಆಗಿದೆ. ನೊರೆ ನೋಡಿ, ಯಾವ ಕಡೆ ಹೋಗ್ತಿದೆ? ಇದನ್ನೇ ಸೆಳೆತ ಅನ್ನೋದು."

"ದಿನಾ ಇದೇ ದಾರೀಲಿ ಬರ್ತೀನಲ್ಲ ನಾನು?"

"ನಿಮ್ಮ ದೋಣಿಗೆ ಎಂಜಿನ್ ಇದೆ. ಪುಟ್ಟಿಗೆ ಇದೆಯಾ?"

ಹೆಂಡತಿ ನಕ್ಕುಬಿಟ್ಟಳು. ದೋಣಿಯವನಿಗೆ ಅದು ಚುಚ್ಚಿತು. ನಾದಿನಿ ಮಾತು ಬೆಳೆಸದೆ ಬಿದ್ದಿದ್ದ ಒಂದು ಒಣ ತೆಂಗಿನಕಾಯಿಯನ್ನು ಆ ನುಣುಪು ನೀರಿಗೆ ಎಸೆದಳು. ಅದು ದಡದತ್ತ ಬರಲಿಲ್ಲ. ಯಾರೋ ಹಗ್ಗ ಕಟ್ಟಿ ಎಳೆದಂತೆ ನೇರವಾಗಿ ಕಡಲಿನತ್ತ ಹೊರಟಿತು.

"ತೆಂಗಿನಕಾಯಿಗೆ ಈಜು ಬರಲ್ಲ. ನನಗೆ ಬರುತ್ತೆ," ಎಂದು ಅವನು ಅಂಗಿ ಕಳಚಿದ.

"ಭಾವ, ಬೇಡ. ತಮಾಷೆ ಅಲ್ಲ."

ಅವನು ಕೇಳಲಿಲ್ಲ. ಎದೆಮಟ್ಟದ ನೀರಿನಲ್ಲಿ ನಿಂತು ಹಲ್ಲು ಕಿರಿದು ಕೈಬೀಸಿದ. ಮರುಕ್ಷಣ ಕಾಲ ಕೆಳಗಿನ ಮರಳು ಜಾರಿತು. ದಡದತ್ತ ಈಜಿದ. ಅವನ ತೋಳುಗಳಲ್ಲಿ ಬಲವಿತ್ತು, ಈಜೂ ಚೆನ್ನಾಗಿತ್ತು. ಆದರೂ ದಡ ದೂರವಾಗುತ್ತಲೇ ಹೋಯಿತು. ಇನ್ನೂ ಜೋರಾಗಿ ಈಜಿದ. ಉಸಿರು ಕಟ್ಟಿತು, ಬಾಯಿಗೆ ನೀರು ನುಗ್ಗಿತು.

ಹೆಂಡತಿ ನೀರಿನತ್ತ ಓಡಿದಳು. ತಂಗಿ ಅವಳ ರಟ್ಟೆ ಹಿಡಿದಳು.

"ನೀನು ಇಳಿದ್ರೆ ಇಬ್ಬರಾಗ್ತೀರಿ ಅಕ್ಕ. ಕುಡಿಯೋ ನೀರಿನ ಕ್ಯಾನ್ ಖಾಲಿ ಮಾಡು. ಮುಚ್ಚಳ ಬಿಗಿಯಾಗಿ ಹಾಕು. ಬೇಗ."

"ಅಯ್ಯೋ, ನೀನಾದ್ರೂ ಹೋಗೇ. ನಿನಗೆ ಬರುತ್ತಲ್ಲ."

"ತೇಲೋದು ಏನೂ ಇಲ್ದೆ ನಾನೂ ಇಳಿಯಲ್ಲ. ಮೊದಲು ಕ್ಯಾನ್ ಕೊಡು."

ಪರಿಸ್ಥಿತಿ ಸರಳವಾಗಿತ್ತು. ಅಲ್ಲಿದ್ದವರಲ್ಲಿ ದೋಣಿ ನಡೆಸಲು ಗೊತ್ತಿದ್ದವನು ಒಬ್ಬನೇ, ಅವನು ನೀರಿನಲ್ಲಿದ್ದ. ಸಹಾಯಕ್ಕೆ ಕರೆಯಲು ಫೋನಿಲ್ಲ, ಓಡಲು ರಸ್ತೆಯಿಲ್ಲ.

ನಾದಿನಿ ಖಾಲಿ ಕ್ಯಾನನ್ನು ಅದೇ ನುಣುಪು ನೀರಿಗೆ ಎಸೆದಳು. ಅವನನ್ನು ಒಯ್ದ ಸೆಳೆತವೇ ಕ್ಯಾನನ್ನೂ ಅವನತ್ತ ಒಯ್ದಿತು. ಅವಳು ಬಂಡೆ ಹತ್ತಿ ಅವನಿಗೆ ಕಾಣುವಂತೆ ನಿಂತಳು.

"ದಡಕ್ಕೆ ಈಜಬೇಡಿ ಭಾವ. ಕ್ಯಾನ್ ತಬ್ಕೊಂಡು ಅಂಗಾತ ತೇಲಿ. ಉಸಿರಾಡಿ."

ಮಾತು ಎಷ್ಟು ಕೇಳಿಸಿತೋ. ಅವನು ಕ್ಯಾನ್ ಹಿಡಿದು ಬೆನ್ನ ಮೇಲೆ ತೇಲಿದ. ಅವನು ಸುಧಾರಿಸಿಕೊಂಡದ್ದು ಕಂಡ ಮೇಲೆ ಅವಳು ಒಂದು ಕೈಯನ್ನು ಪಕ್ಕಕ್ಕೆ, ಅಲೆ ಒಡೆಯುತ್ತಿದ್ದ ಕಡೆಗೆ, ಮತ್ತೆ ಮತ್ತೆ ಚಾಚಿದಳು. ಅವನು ದಡದತ್ತ ಹೋಗದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ನಿಧಾನಕ್ಕೆ ಕಾಲು ಬಡಿದ. ಸ್ವಲ್ಪ ಹೊತ್ತಿಗೆ ಎಳೆತ ಸಡಿಲವಾಯಿತು. ಅಲ್ಲಿಂದ ಓರೆಯಾಗಿ ದಡದತ್ತ ತಿರುಗಿದ. ಹಿಂದಿನಿಂದ ಬಂದ ಅಲೆ ಅವನನ್ನು ತಳ್ಳಿತು, ಇನ್ನೊಂದು ಅಲೆ ಮರಳಿನ ಮೇಲೆ ಒಗೆಯಿತು.

ಅವನು ಬಾಯಿಂದ ಮರಳು ಉಗುಳುತ್ತಾ ಕುಳಿತ. ಹೆಂಡತಿ ಟವೆಲ್ ಕೊಟ್ಟಳು.

"ಇನ್ನೊಂದ್ಸಲ ಈಜಿ ತೋರಿಸ್ತೀರಾ?"

"ಸಾಕು ಕಣೇ." ಮುಖ ಒರೆಸಿಕೊಂಡು ನಾದಿನಿಯತ್ತ ತಿರುಗಿದ. "ಕೆಳಕ್ಕೆ ಎಳೆಯುತ್ತೆ ಅಂದ್ಕೊಂಡಿದ್ದೆ. ಇಲ್ಲ. ಬರೀ ದೂರ ಒಯ್ಯುತ್ತೆ."

"ಹೌದು. ಅದರ ಜೊತೆ ಗುದ್ದಾಡಿ ಸುಸ್ತಾದವರೇ ಮುಳುಗೋದು."

"ಬಂದವರನ್ನೆಲ್ಲ ನಾನು ಅಲ್ಲೇ ಇಳಿಸ್ತಿದ್ನಲ್ಲ."

"ಇಷ್ಟು ದಿನ ಅದೃಷ್ಟ ಚೆನ್ನಾಗಿತ್ತು. ಇನ್ಮೇಲೆ ಅದನ್ನ ನಂಬ್ಕೊಂಡು ದೋಣಿ ನಡೆಸಬೇಡಿ."

ಪುಟ್ಟಿಯ ಆಸೆ ಅಷ್ಟಕ್ಕೆ ಸಾಯಲಿಲ್ಲ. ಕಾಲುವೆಯಿಂದ ದೂರ, ತೀರದ ಕೊನೆಯಲ್ಲಿ ನೀರು ಪಾದ ಮುಳುಗುವಷ್ಟೇ ಇದ್ದ ಕಡೆ ಅಮ್ಮನ ಕೈ ಹಿಡಿದು ಕುಳಿತು ಸಂಜೆಯವರೆಗೂ ಆಡಿದಳು. ಮೈಯೆಲ್ಲ ಮರಳಾಯಿತು, ಅವಳಿಗೆ ಬೇಕಾಗಿದ್ದದ್ದೂ ಅದೇ.

ಹೊರಡುವಾಗ ದೋಣಿಯವನು ಎಂಜಿನ್ನಿನ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟ. "ಎಳಿ. ನನಗೇನಾದ್ರೂ ಆದ್ರೆ ನೀವು ಇಲ್ಲೇ ಕೂತಿರಬಾರದು."

ಮೊದಲ ಸಲ ಕೆಮ್ಮಿತು, ಎರಡನೆಯ ಸಲವೂ ಕೆಮ್ಮಿತು. ಆಮೇಲೆ ಎಂಜಿನ್ ಚಾಲೂ ಆಯಿತು. ಅವನು ಹೇಳಿಕೊಟ್ಟಂತೆ ಅವಳು ಹಿಂತಿರುಗಿ ನೋಡದೆ ದೋಣಿಯನ್ನು ಹೊರಗೆ ತಂದಳು.

ಈಗ ಅವನ ದೋಣಿಯಲ್ಲಿ ಮುಳುಗುವವರಿಗೆ ಎಸೆಯಲು ತೇಲುಬಳೆ ಇದೆ, ಉದ್ದನೆಯ ಹಗ್ಗ ಇದೆ. ದಡ ಮುಟ್ಟುವ ಮೊದಲೇ ಪ್ರಯಾಣಿಕರಿಗೆ ನೀರನ್ನು ತೋರಿಸಿ ಹೇಳುತ್ತಾನೆ: "ಆ ನುಣುಪು ಜಾಗ ದೋಣಿಗೆ. ನಿಮಗಲ್ಲ."

ಓದುಗರೇ, ಜನರಿಲ್ಲದ ಕಡಲತೀರ ಚೆಂದವೇ. ಹೋಗಿ ನೋಡಿ. ಆದರೆ ಅಲ್ಲಿ ಕಾವಲಿನವರೂ ಇರುವುದಿಲ್ಲ, ಆದ್ದರಿಂದ ಪಾದ ನೆನೆಸಿದರೆ ಸಾಕು, ಆಳಕ್ಕೆ ಇಳಿಯಬೇಡಿ. ಇಳಿಯುವ ಮೊದಲು ಸ್ವಲ್ಪ ಹೊತ್ತು ದಡದಲ್ಲಿ ನಿಂತು ನೀರನ್ನು ನೋಡಿ. ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಯಿಂದ ದೂರವಿರಿ, ಮಕ್ಕಳ ಕೈ ಬಿಡಬೇಡಿ. ಸೆಳೆತಕ್ಕೆ ಸಿಕ್ಕರೆ ಅದರೊಡನೆ ಗುದ್ದಾಡದೆ ತೇಲಿ, ಕೈ ಎತ್ತಿ ಕೂಗಿ, ಶಕ್ತಿಯಿದ್ದರೆ ಪಕ್ಕಕ್ಕೆ ಈಜಿ. ಬೇರೆಯವರು ಸಿಕ್ಕಿಕೊಂಡರೆ ನೀವು ಹಾರಬೇಡಿ, ತೇಲುವುದನ್ನು ಎಸೆಯಿರಿ. ಎಲ್ಲಿಗೆ ಹೋಗುತ್ತೀರಿ, ಯಾವಾಗ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಹೋಗಿ ಬಂದ ಸುದ್ದಿಯನ್ನು ನಿಮ್ಮ ಬಾಯಿಂದಲೇ ಅವರು ಕೇಳಲಿ.