ಹಳೇದು ತಂದು ಹೊಸದು ಒಯ್ಯಿರಿ

"ಹಿಡಿಕಿ ಕೊಡ್ರಿ ಅಂದ್ರ ಹಿಡಿಕಿ ಕೊಡ್ರಿ. ಬ್ಯಾರೆ ಏನೂ ಬ್ಯಾಡ ನನಗ."

ಆಶಾಬಿ ಕೈಯಲ್ಲಿದ್ದ ಬ್ಲೇಡಿನ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು. ಬಿಜಾಪುರದ ಸರಕಾರಿ ಉಗ್ರಾಣದಲ್ಲಿ ಹನ್ನೊಂದು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತಿದ್ದ ಅಮರಪ್ಪ ಕನ್ನಡಕವನ್ನು ಹಣೆಗೇರಿಸಿ ಡಬ್ಬಿಯ ಮೇಲಿನ ಅಕ್ಷರ ಓದಿದ.

"ನೂರು ಬ್ಲೇಡು ಅದಾವಲ್ಲರಿ ನರ್ಸಬಾಯಾರ. ಎಲ್ಲಾ ಹೊಸಾವು. ಮತ್ತೇನು ತಕರಾರು?"

"ಬೆರಳಿಗೆ ಅಂಟಿಸಿಕೊಂಡು ಕೊಯ್ಯಲೇನ್ರಿ? ಹಿಡಿಕಿ ಬೇಕಲ್ಲ!"

"ಹಿಡಿಕಿ ನಿಮ್ಮ ದವಾಖಾನ್ಯಾಗ ಇರಬೇಕು."

"ನಿಮ್ಮ ಹಂತ್ಯಾಕ ಐತಿ! ನೀವ ತರಿಸ್ಕೊಂಡೀರಿ!"

ಆಶಾಬಿಯ ಹೊಟ್ಟೆ ಉರಿಯುತ್ತಿದ್ದುದೇ ಅದಕ್ಕೆ. ತಿಕೋಟಾದ ಸರಕಾರಿ ದವಾಖಾನೆಯಲ್ಲಿ ಇದ್ದದ್ದೇ ಒಂದು ಕೊಯ್ಯುವ ಚಾಕು. ಉಕ್ಕಿನ ಹಿಡಿಕೆ, ಅದರ ಮೂತಿಗೆ ಸಿಕ್ಕಿಸುವ ಬ್ಲೇಡು. ಬ್ಲೇಡು ಮೊಂಡಾದರೆ ಕಿತ್ತು ಎಸೆದು ಇನ್ನೊಂದು ಸಿಕ್ಕಿಸಿದರಾಯಿತು. ಹಿಡಿಕೆ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ. ಎರಡು ತಿಂಗಳ ಹಿಂದೆ, ಬ್ಲೇಡು ತೀರಿವೆ ಎಂದು ಬರೆದು ಕಳಿಸಿದ್ದಳು. 'ಹಳೇದು ತಂದು ಹೊಸದು ಒಯ್ಯಿರಿ' ಎಂದು ಉತ್ತರ ಬಂತು. ಕಸಬರಿಗೆ, ಬಕೀಟು, ಕಂದೀಲು, ಎಲ್ಲಕ್ಕೂ ಉಗ್ರಾಣದ ಕಾಯಿದೆ ಅದೇ. ಸರಿ, ಮೊಂಡು ಬ್ಲೇಡು ಕಳಿಸಿದಳು. 'ತುಂಡು ನಡೆಯುವುದಿಲ್ಲ, ಇಡೀ ಚಾಕು ಕಳಿಸಿರಿ' ಎಂದು ಅದು ವಾಪಸು ಬಂತು. ಹಾಗಾದರೆ ಇಡೀ ಚಾಕು ಹೊಸದೇ ಬರುತ್ತದೆಂದು ನಂಬಿ, ಹಿಡಿಕೆಯನ್ನು ಕುದಿಸಿ, ಒರೆಸಿ, ಊರಿನ ಹೆಸರಿನ ಚೀಟಿ ಕಟ್ಟಿ ಕೈಯಾರೆ ಕಳಿಸಿದಳು. ಬಂದದ್ದು ಈ ಡಬ್ಬಿ. ಎತ್ತು ಈದೈತಿ ಅಂದ್ರ ಕೊಟಗ್ಯಾಗ ಕಟ್ಟು ಅಂದ್ರಂತ. ಹೇಳಿದವರಿಗೆ ಬುದ್ಧಿ ಇರಲಿಲ್ಲ ಸರಿ, ಕಟ್ಟಿದ ತನಗೆ ಏನಾಗಿತ್ತು ಧಾಡಿ?

ಈಗ ದವಾಖಾನೆಯ ಮಂಚದ ಮೇಲೆ ಹೊನವಾಡದ ಬಾಣಂತಿ ಮುರಿಗೆವ್ವ ನರಳುತ್ತ ಮಲಗಿದ್ದಳು. ಬಲಗಡೆಯ ಎದೆಯಲ್ಲಿ ಹಾಲು ಕಟ್ಟಿ, ಕೀವಾಗಿ, ಮುಟ್ಟಿದರೆ ಕಿರುಚುತ್ತಿದ್ದಳು. ಮೂರು ದಿನದಿಂದ ಇಳಿಯದ ಜ್ವರ. ಇವತ್ತು ಕೊಯ್ದು ಕೀವು ತೆಗೆಯದಿದ್ದರೆ ನಂಜು ಮೈಗೇರುತ್ತದೆ. ವಾರಕ್ಕೊಮ್ಮೆ ಬರುವ ಡಾಕ್ಟರ್ ಶಿವಶರಣಪ್ಪ ಮೂರು ಗಂಟೆಯ ಬಸ್ಸಿಗೆ ಬಬಲೇಶ್ವರಕ್ಕೆ ಹೋಗುವವರು. ಬಿಜಾಪುರದ ದೊಡ್ಡ ದವಾಖಾನೆಗೆ ಒಯ್ಯಿರಿ ಎಂದು ಅವರು ಹೇಳಿದ್ದಕ್ಕೆ ಅತ್ತೆ ಕಾಳವ್ವ ಕೈ ಮುಗಿದಿದ್ದಳು. "ಇಲ್ಲೀತನಕ ಬರೂದ್ರಾಗ ಎರಡ ಸಲ ಎಚ್ಚರ ತಪ್ಪ್ಯಾಳ್ರಿ ಯಪ್ಪಾ. ಇನ್ನೊಂದು ಬಸ್ಸಿನ ಕುಲುಕಾಟ ತಡ್ಯಾಂಗಿಲ್ಲ." ಅದಕ್ಕೇ ಆಶಾಬಿ ಸಿಕ್ಕ ಬಸ್ಸು ಹತ್ತಿ ಬಂದಿದ್ದಳು.

ಎಲ್ಲ ಕೇಳಿದ ಅಮರಪ್ಪ ಎದ್ದು ಅವಳನ್ನು ಹಿಂದಿನ ಕೋಣೆಯ ಕಿಟಕಿಗೆ ಕರೆದೊಯ್ದ. ಬಾಗಿಲಿಗೆ ಕೀಲಿ ಇತ್ತು. ಸರಳುಗಳಾಚೆ ಕಾಲು ಮುರಿದ ಮಂಚ, ತೂತುಬಿದ್ದ ಬೋಗುಣಿಗಳ ನಡುವೆ ಒಂದು ಬುಟ್ಟಿ. ಬುಟ್ಟಿಯ ತುಂಬ ಹಿಡಿಕೆಗಳು! ಒಂದೊಂದಕ್ಕೂ ಚೀಟಿ: ಕಾಖಂಡಕಿ, ಬಬಲೇಶ್ವರ, ಇನ್ನೂ ಯಾವ್ಯಾವುದೋ ಊರು. ಮೇಲೇ ಇತ್ತು ತಿಕೋಟಾ, ಅವಳದೇ ದುಂಡನೆಯ ಅಕ್ಷರ.

"ಯಾ ಅಲ್ಲಾ! ಎಲ್ಲಾರೂ ಕಳಿಸ್ಯಾರ! ಕೀಲಿ ತೆಗೀರಿ ಅಮರಪ್ಪನೋರ."

"ಅದು ರದ್ದಿಗೆ ಹಾಕಿದ ಮಾಲ್ರಿ. ದೊಡ್ಡ ಸಾಹೇಬ್ರು ಬಂದು ನೋಡಿ, ಕೆಟ್ಟೈತಿ ಅಂತ ಸಹಿ ಮಾಡಿದ ಮ್ಯಾಲ ಲಿಲಾವು ಕೂಗಿ ಮಾರೂದು."

"ಅದು ಕೆಟ್ಟಿಲ್ಲಲ್ಲರಿ!"

"ಕೆಟ್ಟಿಲ್ಲಂದ್ರ ನೀವ್ಯಾಕ ಕಳಿಸಿದ್ರಿ?"

ಆಶಾಬಿ ಕಿಟಕಿಗೆ ಒತ್ತಿ ನಿಂತಳು. ಸರಳಿನೊಳಗೆ ತೋಳು ತೂರಿಸಿದಳು. ಬಳೆ ಸಿಕ್ಕಿಕೊಂಡಿತು, ತೆಗೆದಿಟ್ಟು ಮತ್ತೆ ತೂರಿಸಿದಳು. ಬುಟ್ಟಿ ಇನ್ನೂ ಒಂದು ಗೇಣು ದೂರ. ಅಮರಪ್ಪ ತಡೆಯಲೂ ಇಲ್ಲ, ಕೀಲಿ ತೆಗೆಯಲೂ ಇಲ್ಲ.

"ಹ್ವಾದ ವರ್ಷ ಒಂದ ಬಕೀಟ ಹಿಂಗ ತಿರುಗಿ ಕೊಟ್ಟು ಮೂರು ತಿಂಗಳು ಸಸ್ಪೆಂಡಾಗಿ ಮನ್ಯಾಗ ಕುಂತೀನ್ರಿ," ಎಂದ ಅವನು, ದನಿ ಇಳಿಸಿ. "ನನಗೂ ಮಕ್ಕಳದಾವ. ಸಾಹೇಬ್ರು ಸೋಮವಾರ ಬರ್ತಾರ, ನಾನ ಕಾಲು ಹಿಡಕೊಂಡು ಕೇಳ್ತೇನಿ. ಚಹಾ ಕುಡೀತೀರೇನು?"

"ಸೋಮವಾರ ಆಕಿನ್ನ ಮಣ್ಣಿಗೆ ಒಯ್ಯೂ ಮುಂದ ಬಂದು ಕುಡೀತೇನಿ, ಇಟ್ಟಿರ್ರಿ."

ಪೇಟೆಯಲ್ಲಿ ಎರಡು ಔಷಧಿ ಅಂಗಡಿ ಸುತ್ತಿದಳು. ಬರೀ ಹಿಡಿಕೆ ಬೇಕೆಂದರೆ ಸೊಲ್ಲಾಪುರದಿಂದ ತರಿಸಬೇಕು, ಎಂಟು ದಿನ ಎಂದರು. ಬಸ್ಸಿನಲ್ಲಿ ಕೂತಾಗ ಬ್ಲೇಡಿನ ಡಬ್ಬಿಯನ್ನು ಕಿಟಕಿಯಿಂದ ಬೀಸಿ ಒಗೆಯಬೇಕೆನ್ನಿಸಿತು. ತೊರವಿ ದಾಟುವವರೆಗೂ ಅಮರಪ್ಪನನ್ನು ಬೈದಳು, ಆಮೇಲೆ ತನ್ನನ್ನು ಬೈದುಕೊಂಡಳು.

ಅವಳು ದವಾಖಾನೆ ಮುಟ್ಟಿದಾಗ ಎರಡು ಗಂಟೆ ದಾಟಿತ್ತು. ಹಿಡಿಕೆ ಇಲ್ಲದೆ ಬಂದದ್ದು ನೋಡಿ ಡಾಕ್ಟರರ ಮುಖ ಇಳಿಯಿತು. ಕೊನೆಗೆ ರಕ್ತನಾಳ ಒತ್ತಿ ಹಿಡಿಯುವ ಚಿಮಟವನ್ನು ಕುದಿಸಿ, ಅದರ ಬಾಯಿಗೆ ಬ್ಲೇಡು ಕಚ್ಚಿಸಿ ನೋಡಿದರು. ಆ ಚಿಮಟದ ಹಲ್ಲು ಸವೆದು ವರ್ಷವಾಗಿತ್ತು. ಬೆರಳು ಸಡಿಲಾದರೆ ಸಾಕು, ಬ್ಲೇಡು ಹೊರಳುತ್ತಿತ್ತು. ಹೊಸದು ಕೇಳಿದರೆ ಇದ್ದದ್ದೂ ಹೋದೀತೆಂದು ಆಶಾಬಿ ಕೇಳಿರಲಿಲ್ಲ.

ಡಾಕ್ಟರು ಜೋಮು ಹಿಡಿಸುವ ಸೂಜಿ ಚುಚ್ಚಿದರು. ಚಿಮಟ ಎತ್ತಿದರು. ಬ್ಲೇಡು ಹೊರಳಿತು. ಮತ್ತೆ ಎತ್ತಿದರು, ಮತ್ತೆ ಹೊರಳಿತು. ಕಾಲೇಜು ಬಿಟ್ಟು ವರ್ಷ ತುಂಬದ ಹುಡುಗ. ಹಣೆಯ ಮೇಲೆ ಬೆವರು ಮೂಡಿತು.

"ಜಾರಿದ್ರ ಎಲ್ಲಿ ಹೋಗ್ತೈತೋ ಗೊತ್ತಿಲ್ಲ. ನನ್ನ ಕೈಲೆ ಆಗೂದಿಲ್ಲ ಆಶಾಬಿಯವರ."

"ಜಾಗಾ ಗುರುತು ಮಾಡ್ರಿ. ನಾ ಹಿಡೀತೇನಿ."

"ನೀವು ಕೊಯ್ಯೂ ಹಂಗಿಲ್ಲ. ನಾಳೆ ಏನರ ಆದ್ರ ಇಬ್ಬರ ನೌಕರೀನೂ..."

"ಕಾಯಿದೆ ಕೇಳಿ ಕೇಳಿ ಮುಂಜಾನಿಂದ ಹೊಟ್ಟಿ ತುಂಬೈತ್ರಿ ನನಗ. ಗುರುತು ಮಾಡ್ರಿ!"

ಡಾಕ್ಟರು ನೀಲಿ ಔಷಧಿಯಲ್ಲಿ ಒಂದು ಗೆರೆ ಎಳೆದರು. ಕಾಳವ್ವ ಸೊಸೆಯ ಭುಜ ಒತ್ತಿ ಹಿಡಿದಳು. ಆಶಾಬಿ ಉಸಿರು ಕಟ್ಟಿ, ಐದೂ ಬೆರಳಿನ ಬಲವನ್ನು ಚಿಮಟಕ್ಕೆ ಹಾಕಿ, ಗೆರೆಯ ಮೇಲೆ ಬ್ಲೇಡು ಇಳಿಸಿದಳು. ಮುರಿಗೆವ್ವ ಚಿಟ್ಟನೆ ಚೀರಿದಳು. ಕೀವು ಚಿಮ್ಮಿ ಬೋಗುಣಿಗೆ ಬಿತ್ತು.

"ಸಾಕು, ಸಾಕು, ಅಲ್ಲೇ ನಿಲ್ಲಿಸ್ರಿ," ಎಂದು ಡಾಕ್ಟರು ಮುಂದೆ ಬಂದು ಗಾಯ ತೊಳೆದು ಬಟ್ಟೆ ತುಂಬತೊಡಗಿದರು. ಮೂರು ಗಂಟೆಯ ಬಸ್ಸು ಹಾರ್ನು ಹೊಡೆದು ಹೋಯಿತು. ಯಾರೂ ಆ ಕಡೆ ನೋಡಲಿಲ್ಲ.

ಬಹಳ ಹೊತ್ತಿನ ಮೇಲೆ ಮುರಿಗೆವ್ವ ಕಣ್ಣು ತೆರೆದು ಕೂಸನ್ನು ಕೇಳಿದಳು. ಕಾಳವ್ವ ಅದನ್ನು ಎಡಗಡೆಯ ಎದೆಗೆ ಹಚ್ಚಿ ತಿರುಗಿ ನೋಡಿದರೆ, ಆಶಾಬಿ ಇನ್ನೂ ಗೋಡೆಗೆ ಒರಗಿ ನಿಂತಿದ್ದಳು, ಬ್ಲೇಡು ಕಚ್ಚಿಸಿದ ಚಿಮಟ ಕೈಯಲ್ಲೇ ಇತ್ತು.

"ಆತಲ್ಲ ಯವ್ವಾ, ಇಡು ಅದನ್ನ."

"ಬಿಡವಲ್ದು ಕಾಳವ್ವಾ. ಕೈ ಬಿಡವಲ್ದು."

ಕಾಳವ್ವ ಅವಳ ಮುಂಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ಮೊದಲು ಕಿರುಬೆರಳು ಬಿಡಿಸಿದಳು. ಆಮೇಲೆ ಅದರ ಪಕ್ಕದ್ದನ್ನು, ನಿಧಾನಕ್ಕೆ ತಿಕ್ಕುತ್ತ.