ಮನೆಯವರ ಜಯ

ಅಲ್ಪವಿರಾಮ ಒಂದು ಹೆಚ್ಚಾಗಿದೆ, ಕೆಳಗಿನಿಂದ ಮೂರನೇ ಸಾಲು, ಖಜಾಂಚಿಯ ಹೆಸರಿನ ಪಕ್ಕ, ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತೇನೆ, ಹೊಡೆದು ಹಾಕಲು ಸಿಕ್ಕಿದ್ದು ಇದೊಂದೇ, ದೇಶಕ್ಕೆ ದೇಶವೇ ತಪ್ಪು ಒತ್ತಿ ಕೂತಿರುವಾಗ ನಾನು ಅಲ್ಪವಿರಾಮ ತೆಗೆಯುತ್ತಿದ್ದೇನೆ — ಹತ್ತೂವರೆಗೆ ಮೆಷಿನ್ನಿಗೆ ಹೋಗಬೇಕಮ್ಮ ಎಂದಿದ್ದಾರೆ ಪ್ರೆಸ್ಸಿನ ಮಾಲೀಕರು, ಗೆದ್ದ ಪಕ್ಷದ ಪೋಸ್ಟರು, ನಾಲ್ಕು ಸಾವಿರ ಪ್ರತಿ, ನಿನ್ನೆ ಎಣಿಕೆ ಪೂರ್ತಿ ಮುಗಿಯುವ ಮೊದಲೇ ಒಪ್ಪಿಕೊಂಡು ಬಂದಿದ್ದಾರೆ, ನಮಗೇನಮ್ಮ, ಇಂಕಿಗೆ ಪಕ್ಷ ಇರುತ್ತಾ ಎಂದರು, ಇಲ್ಲ ಸಾರ್, ಇಂಕು ಪಾಪ ಹೇಳಿದ ಕಡೆ ಬೀಳುತ್ತೆ, ನಮ್ಮ ಹಾಗೆ ಎಂದೆ, ಅವರು ನಕ್ಕರು, ನನ್ನ ಮಾತಿಗೆ ಇಪ್ಪತ್ತಾರು ವರ್ಷದಿಂದ ನಗುತ್ತಿದ್ದಾರೆ, ಪ್ರೂಫ್ ನೋಡುವ ಹೆಂಗಸಿನ ಮಾತು ಯಾರಿಗೆ ಬೇಕು, ಕಣ್ಣು ಸಾಕು. ಆ ಕಣ್ಣೋ, ರಾತ್ರಿ ರೆಪ್ಪೆ ಮುಚ್ಚಿಲ್ಲ, ಮರಳು ತುಂಬಿದ ಹಾಗಿದೆ. ಮತ್ತೆ ಅವರೇ ಗೆದ್ದರು. ಐದು ವರ್ಷದ ಹಿಂದೆ ಎಲ್ಲರೂ ಹೇಳಿದರು, ಒಂದು ಸಲ ನೋಡೋಣ ಬಿಡಿ, ಹಾಲಿನವನು ಹೇಳಿದ, ನಾದಿನಿ ಹೇಳಿದಳು, ಸರಿ, ನೋಡಿದ್ದಾಯಿತಲ್ಲ, ಹೊರಗಿನವರ ಪಟ್ಟಿ ಎಂದು ಮನೆಮನೆಗೆ ಬಂದು ಬರೆದುಕೊಂಡು ಹೋದದ್ದನ್ನು ನೋಡಿದ್ದಾಯಿತಲ್ಲ, ಮೊದಲ ಪ್ರೂಫಿನಲ್ಲಿ ತಪ್ಪು ಬಂದರೆ ಕೈತಪ್ಪು, ಕೆಂಪು ಶಾಯಿಯಲ್ಲಿ ಗೀಚಿ ಕಳಿಸಿದ ಮೇಲೂ ಎರಡನೇ ಪ್ರೂಫಿನಲ್ಲಿ ಅದೇ ಜಾಗದಲ್ಲಿ ಅದೇ ತಪ್ಪು ಬಂದರೆ ಅದಕ್ಕೇನನ್ನಬೇಕು, ಅದಕ್ಕೆ ತಪ್ಪು ಅನ್ನುವುದಿಲ್ಲ, ಅವರಿಗೆ ಅದೇ ಬೇಕಿತ್ತು ಅನ್ನುತ್ತಾರೆ.

ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಮಹಿಳಾ ಘಟಕ, ಎಷ್ಟು ಹೆಸರು, ಇರುವೆ ಸಾಲಿನ ಹಾಗೆ, ಒಂದೊಂದಕ್ಕೂ ಪೆನ್ನಿನ ತುದಿ ಇಟ್ಟು ಇಟ್ಟು ಹೋಗುತ್ತೇನೆ, ಕೆಳಗೆ ಅವರ ಘೋಷಣೆ, ಮನೆಯವರು ಮೊದಲು. ಮನೆಯವರು. ಈ ಪದವನ್ನು ಯಾರಪ್ಪ ಕೊಟ್ಟರು ಇವರಿಗೆ, ಎಷ್ಟು ಸಾಧುವಾದ ಪದ, ಬಾಗಿಲು ತಟ್ಟಿದವರಿಗೆ ನಮ್ಮ ಮನೆಯವರು ಸ್ನಾನಕ್ಕೆ ಹೋಗಿದ್ದಾರೆ, ಕೂತಿರಿ ಎನ್ನುತ್ತಿದ್ದೆ, ಗಂಡನ ಹೆಸರು ಹೇಳುವುದೇಕೆ ಎಂಬ ಸಂಕೋಚಕ್ಕೆ ಇದ್ದ ಪದ, ಈಗ ನೋಡು, ಮನೆಯವರು ಎಂದರೆ ನಾವು, ಹೊರಗಿನವರು ಎಂದರೆ ಮೂರು ತಲೆಮಾರಿನ ಹಿಂದೆ ಗಡಿ ದಾಟಿ ಬಂದವರ ಮೊಮ್ಮಕ್ಕಳು. ನಮ್ಮ ಮನೆಯವರು — ಬೆಳಿಗ್ಗೆ ಏಳು ಗಂಟೆ, ಟಕ್ ಟಕ್ ಟಕ್, ನಾನು ಅಡುಗೆಮನೆಯಿಂದ ಹೊರಗೆ ಬಂದರೆ ಇವರು ಲುಂಗಿ ಎತ್ತಿ ಕಟ್ಟಿಕೊಂಡು ಸ್ಟೂಲಿನ ಮೇಲೆ ನಿಂತಿದ್ದಾರೆ, ಬಾಯಲ್ಲಿ ಎರಡು ಮೊಳೆ, ಕೈಯಲ್ಲಿ ಸುತ್ತಿಗೆ, ಬಾಗಿಲ ಮೇಲೆ ಅಂಗೈಯಗಲದ ತಗಡು, ಇದು ಮನೆಯವರ ಮನೆ ಎಂದು ಬರೆದದ್ದು, ಪಕ್ಷದವರು ಬೀದಿಬೀದಿಗೆ ಹಂಚಿದ್ದು. ರೀ, ಏನ್ರೀ ಇದು. ಎಲ್ಲರ ಬಾಗಿಲಿಗೂ ಹಾಕಿದ್ದಾರೆ ಕಣೇ, ನಮ್ಮದೊಂದೇ ಬೋಳಾಗಿದ್ರೆ ಚೆನ್ನಾಗಿರಲ್ಲ. ನೀವೂ ಅವರಿಗೇ ಹಾಕಿದ್ರಾ. ಮೊಳೆ ಬಾಯಿಂದ ತೆಗೆದು ಅಂಗೈಯಲ್ಲಿ ಒರೆಸಿಕೊಂಡು ಹೇಳಿದರು, ಹೋದ ಸಲವೂ ಹಾಕಿದ್ದೆ, ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಅಷ್ಟೇ. ಮತ್ತೆ ಟಕ್ ಟಕ್. ಮೊಳೆ ಸ್ವಲ್ಪ ಸೊಟ್ಟಗೆ ಹೋಯಿತು, ತಲೆ ಹೊರಗೇ ಉಳಿಯಿತು, ಸಂಜೆ ಸರಿ ಮಾಡ್ತೀನಿ ಎಂದರು. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು, ನನ್ನ ಮಂಡಿಗೆ ಎಣ್ಣೆ ತಿಕ್ಕುವ ಮನುಷ್ಯ, ಪಕ್ಕದ ಮನೆಯ ಗಿಡಕ್ಕೂ ನೀರು ಹಾಕುವ ಮನುಷ್ಯ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ, ಬಸ್ಸಿನಲ್ಲಿ, ಮದುವೆ ಊಟದಲ್ಲಿ, ಪ್ರೆಸ್ಸಿನಲ್ಲಿ ಸಿಕ್ಕವರ ಜೊತೆಗೆಲ್ಲ ವಾದ ಮಾಡಿದೆ, ಒಂದೇ ದಿಂಬಿನ ಆ ಕಡೆ ತಲೆಯಲ್ಲಿ ಏನಿದೆ ಎಂದು ಕೇಳಲಿಲ್ಲ. ಅಪ್ಪ ಹೇಳುತ್ತಿದ್ದ, ಅಪ್ಪನೂ ಅಚ್ಚಿನ ಮನೆಯವನೇ, ಮೊಳೆ ಜೋಡಿಸುತ್ತಿದ್ದವನು, ಆಗ ಸೀಸದ ಅಕ್ಷರಕ್ಕೆ ಮೊಳೆ ಎನ್ನುತ್ತಿದ್ದರು, ಮಗಳೇ, ಸಣ್ಣಕ್ಷರದ ತಪ್ಪು ಎಲ್ಲರೂ ಹಿಡೀತಾರೆ, ದೊಡ್ಡಕ್ಷರದ ತಪ್ಪನ್ನ ಯಾರೂ ನೋಡಲ್ಲ, ಅಷ್ಟು ದೊಡ್ಡದಾಗಿ ತಪ್ಪು ಮಾಡ್ತಾರಾ ಅನ್ನೋ ನಂಬಿಕೆ. ಇಪ್ಪತ್ತೆಂಟು ವರ್ಷದ ಸಂಸಾರ, ಎಷ್ಟು ದೊಡ್ಡ ಅಕ್ಷರ.

ಚೀಲದಲ್ಲಿ ಕೈ ಹಾಕಿದಾಗಲೆಲ್ಲ ಬೀಗದ ಕೈ ತಗಲುತ್ತದೆ, ಮಹಡಿ ಮೇಲಿನ ರೂಮಿನದು, ಮೂರು ದಿನದಿಂದ ಹೊತ್ತು ತಿರುಗುತ್ತಿದ್ದೇನೆ ಬೆರಳಮ್ಮನಿಗೆ ಕೊಡಲು. ಬೆರಳಮ್ಮ ಎಂಬುದು ಮಾಲೀಕರಿಟ್ಟ ಹೆಸರು, ಹನ್ನೊಂದು ವರ್ಷದಿಂದ ನನ್ನೆದುರಿನ ಕಂಪ್ಯೂಟರಿನಲ್ಲಿ ಅಕ್ಷರ ಒತ್ತುವವಳು, ಕೀಲಿಮಣೆ ನೋಡುವುದೇ ಇಲ್ಲ, ಮಾತಾಡುತ್ತಾ ಒತ್ತುತ್ತಾಳೆ, ಅವಳಜ್ಜ ಬಂದದ್ದು ಗಡಿಯಾಚೆಯಿಂದ, ಅವಳು ಹುಟ್ಟಿದ್ದು ಇದೇ ಊರಿನ ಆಸ್ಪತ್ರೆಯಲ್ಲಿ, ನಾನು ಹೆತ್ತ ವಾರ್ಡಿನಲ್ಲೇ. ಅವಳ ಮನೆ ಓನರು ಚುನಾವಣೆಗೆ ಮುಂಚೆಯೇ ಹೇಳಿಬಿಟ್ಟ, ತಪ್ಪು ತಿಳೀಬೇಡಮ್ಮ, ಖಾಲಿ ಮಾಡಿಬಿಡು. ನಮ್ಮ ಮಹಡಿಗೆ ಬಾರೇ ಎಂದೆ, ಇವರೂ ಹೂಂ ಎಂದರು, ಬಚ್ಚಲ ನಲ್ಲಿಯನ್ನು ತಾವೇ ಹೊಸದಾಗಿ ಹಾಕಿಸಿದರು, ಭಾನುವಾರ ಬರುವುದೆಂದಾಗಿತ್ತು. ಇವತ್ತು ಸ್ಟೂಲಿನಿಂದ ಇಳಿಯುತ್ತಾ, ಅವಳು ಒಳ್ಳೆಯವಳು ಕಣೇ, ಅವಳ ಮೇಲೆ ನಂಗೇನೂ ಇಲ್ಲ, ಸ್ವಲ್ಪ ದಿನ ಹೋಗ್ಲಿ, ಜನ ನೋಡ್ತಾರೆ. ಜನ ನೋಡ್ತಾರೆ. ಆ ಜನ ಯಾರು ಎಂದರೆ ಇವರೇ, ಇವರನ್ನು ನೋಡಿ ಅವರು, ಅವರನ್ನು ನೋಡಿ ಇವರು, ಎಲ್ಲರ ಬಾಯಲ್ಲೂ ಎರಡೆರಡು ಮೊಳೆ. ನಾನೇನಂದೆ. ದೋಸೆ ಸೀಯ್ತಿದೆ ಎಂದೆ, ಒಳಗೆ ಹೋದೆ. ವಾದಗಿತ್ತಿ, ವಾಚಾಳಿ, ಸಂಬಂಧಿಕರಲ್ಲಿ ನನಗೆ ಅಂಕಣಕಾರ್ತಿ ಎಂದು ಹೆಸರು, ದೋಸೆ ಸೀಯ್ತಿದೆ ಎಂದೆ.

ಹತ್ತಾಯಿತು, ಸಣ್ಣಕ್ಷರ ಮುಗಿಯಿತು, ಸರಿ ಇದೆ ಎಂದು ಮೂಲೆಯಲ್ಲಿ ಸಹಿ ಹಾಕುವುದಷ್ಟೇ, ಪೆನ್ನು ಊರಿದೆ, ಅಪ್ಪನ ಮಾತು, ತಲೆ ಎತ್ತಿ ಮೇಲಿನ ಸಾಲು ನೋಡಿದೆ, ಗೇಣುದ್ದದ ಅಕ್ಷರ — ಮನೆಯವರ ಭಯ. ಇನ್ನೊಂದು ಸಲ ನೋಡಿದೆ. ಮನೆಯವರ ಭಯ. ಜಯ ಇರಬೇಕಾದಲ್ಲಿ. ನಗು ಬಂತು, ಹೊಟ್ಟೆಯೊಳಗಿಂದ, ಸೆರಗು ಬಾಯಿಗೊತ್ತಿಕೊಂಡೆ, ಹೆಂಗಸರು ಯಾರೇ ಓದಿದರೂ ಇದ್ದದ್ದೇ ಬಿಡು ಎನ್ನುತ್ತಾರೆ, ನಾಲ್ಕು ಸಾವಿರ ಗೋಡೆಗಳ ಮೇಲೆ ಗಂಡನ ಹೆದರಿಕೆ — ನಗು ಅರ್ಧಕ್ಕೇ ನಿಂತಿತು. ತಪ್ಪೆಲ್ಲಿದೆ ಇದರಲ್ಲಿ. ಇಡೀ ಹಾಳೆಯಲ್ಲಿ ನಿಜ ಇರುವುದು ಇದೊಂದೇ ಅಕ್ಷರ, ಗೆದ್ದದ್ದು ಇದೇ, ಸ್ಟೂಲಿನ ಮೇಲೆ ನಿಂತಿದ್ದು ಇದೇ, ದೋಸೆ ಸೀಯ್ತಿದೆ ಎಂದದ್ದೂ ಇದೇ. ಬಿಟ್ಟುಬಿಡಲಾ. ಸಹಿ ಹಾಕಿ ಕಳಿಸಿಬಿಡಲಾ, ಅಂಟಿಸಿಕೊಳ್ಳಲಿ ಊರ ತುಂಬ, ಇಪ್ಪತ್ತಾರು ವರ್ಷ ಬೇರೆಯವರ ತಪ್ಪು ತಿದ್ದಿದ್ದಕ್ಕೆ ಒಂದು ಸಲ — ಆಮೇಲೆ, ಯಾರು ಒತ್ತಿದ್ದು ಎಂದು ಕೇಳುತ್ತಾರೆ, ಪ್ರೂಫಿನವಳಿಗೆ ಕಣ್ಣು ಮಂಜಾಯಿತು ಎಂದು ಬಿಡುತ್ತಾರೆ, ಒತ್ತಿದವಳ ಅಜ್ಜ ಯಾರು ಎಂದು ಹುಡುಕಿಕೊಂಡು ಹೋಗುತ್ತಾರೆ.

ಕೈತಪ್ಪಲ್ಲ ಅದು, ನನಗೆ ಗೊತ್ತು, ಜ ಒತ್ತಲು ಒಂದು ಬೆರಳು ಸಾಕು, ಭ ಬೇಕೆಂದರೆ ಒಂದು ಕೈಯಲ್ಲಿ ಶಿಫ್ಟ್ ಹಿಡಿದು ಇನ್ನೊಂದು ಕೈಯಲ್ಲಿ ಬ ಒತ್ತಬೇಕು, ಎರಡು ಕೈಯ ಕೆಲಸ, ಬೇಕೆಂದೇ ಮಾಡಿದಳೇನು, ಇಷ್ಟು ಧೈರ್ಯ ಎಲ್ಲಿತ್ತು ಇವಳಲ್ಲಿ, ಒಳಗೊಳಗೇ ಹೆಮ್ಮೆ, ಬೆರಳಮ್ಮಾ, ಇಲ್ಲಿ ಬಾ, ಮೇಲಿನ ಸಾಲು ಓದು. ಬಗ್ಗಿ ಓದಿದಳು, ಮನೆಯವರ ಜಯ. ಇನ್ನೊಂದು ಸಲ ಓದು. ಮನೆಯವರ ಜಯ, ಯಾಕಕ್ಕಾ. ಅಕ್ಷರದ ಕೆಳಗೆ ಪೆನ್ನು ಇಟ್ಟೆ. ನೋಡಿದಳು. ಅಕ್ಕಾ, ನಾನು ಜ ಅಂತಾನೇ ಒತ್ತಿದ್ದು, ಅಕ್ಕಾ, ಬೇಕಂತ ಮಾಡಿಲ್ಲ, ಸಾರ್‌ಗೆ ಹೇಳ್ಬೇಡಿ, ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡಳು, ಹೊಡೆತಕ್ಕೆ ಕಾದ ಮಗುವಿನ ಹಾಗೆ, ಹನ್ನೊಂದು ವರ್ಷದ ಜೊತೆಗಾತಿ, ನನ್ನ ಮುಂದೆ. ಧೈರ್ಯವಲ್ಲ. ಅವಳಿಗೂ ಗೊತ್ತಿಲ್ಲದೆ ಬೆರಳು ಬರೆದುಬಿಟ್ಟಿದೆ. ಆಯ್ತೇನಮ್ಮ ಎಂದು ಮಾಲೀಕರು ಒಳಗಿನಿಂದ, ಪಕ್ಷದವರು ಬಂದು ಕೂತಿದ್ದಾರೆ, ಕಾಫಿ ಲೋಟದ ಸದ್ದು, ನಗು, ಆಯ್ತು ಸಾರ್, ಒಂದಕ್ಷರ, ಎಂದೆ. ಭ ದ ಸುತ್ತ ಕೆಂಪು ಸುತ್ತು ಹಾಕಿದೆ, ಅಂಚಿನಲ್ಲಿ ಜ ಬರೆದೆ, ದುಂಡಗೆ, ಮುದ್ದಾಗಿ, ನನ್ನ ಕೈಯಾರೆ, ಯಾರಿಗೂ ಇಷ್ಟು ಜೋಪಾನವಾಗಿ ವೋಟು ಹಾಕಿರಲಿಲ್ಲ, ಅಷ್ಟು ಜೋಪಾನವಾಗಿ ಇದನ್ನು ಹಾಕಿದೆ, ಈಗ ಅವರ ಜಯ ಸರಿಯಾಯಿತು, ನಾನೇ ಸರಿ ಮಾಡಿಕೊಟ್ಟೆ.

ಅವಳು ಕೂತು ತಿದ್ದಿದಳು, ಒಂದೇ ಬೆರಳು, ಒಂದೇ ಏಟು, ಎದ್ದು ಬಂದು ತಲೆ ಬಗ್ಗಿಸಿಕೊಂಡೇ ಕೇಳಿದಳು, ಅಕ್ಕಾ, ಭಾನುವಾರ ಬರ್ಲಾ, ಗಾಡಿಯವನಿಗೆ ಹೇಳ್ಬೇಕು. ಬೀಗದ ಕೈ ತೆಗೆದೆ, ಹಳೆಯ ಪ್ರೂಫಿನ ಮೇಲೆ ಇಟ್ಟೆ, ಇಟ್ಟ ಸದ್ದು ಕೇಳಿತು, ಅವಳು ಮುಟ್ಟಲಿಲ್ಲ, ನನ್ನ ಬಾಯಿ ನೋಡುತ್ತಾ ನಿಂತಳು, ಬಾ ಎನ್ನಬೇಕು, ಒಂದೇ ಅಕ್ಷರ, ಇವರಿಗೆ ಸಂಜೆ ಹೇಳಿದರಾಯಿತು, ತಗಡು ಕಿತ್ತರಾಯಿತು, ಸೊಟ್ಟ ಮೊಳೆ, ಸುಲಭವಾಗಿ ಬರುತ್ತದೆ, ಹೇಳು, ಬಾ, ಬೀಗದ ಕೈಯ ಪಕ್ಕದಲ್ಲೇ ಕೆಂಪು ಸುತ್ತಿನೊಳಗೆ ಗೇಣುದ್ದದ ಭ, ನೋಡಿದರೆ ಅದೂ ಬ ನೇ, ಅದೇ ಮೈ, ಕೆಳಗೊಂದು ಗೀಟು ಅಷ್ಟೇ, ಕೆಳಗಿನಿಂದ ಮೊಳೆ ಹೊಡೆದ ಹಾಗೆ, ಅದೊಂದು ಕಿತ್ತರೆ ಬಾ, ಅದೊಂದು ಇದ್ದರೆ, ಬಾಯಿ ತೆರೆದಿದ್ದೇನೆ, ಅವಳು ಕಾಯುತ್ತಿದ್ದಾಳೆ, ನಾಲಿಗೆಯ ಕೆಳಗೆ ತುಕ್ಕಿನ ರುಚಿ, ಆ ಮೊಳೆ —